ಹೆಡ್ ಮಾಸ್ತರರ ಗಂಟಲು

ತಪ್ಪು ನನ್ನದೇ. ಮೊದಲ ಸಾಲಿನಲ್ಲಿಯೇ ಇದನ್ನು ಒಪ್ಪಿಕೊಂಡುಬಿಟ್ಟರೆ, ಅಪರಾಧಿ ಯಾರೆಂದು ಹುಡುಕುವ ಶ್ರಮ ನಿಮಗೆ ತಪ್ಪುತ್ತದೆ, ಸಜ್ಜನನಂತೆ ನಟಿಸುವ ಶ್ರಮ ನನಗೆ ತಪ್ಪುತ್ತದೆ. ಮಕ್ಕಳ ಮನಸ್ಸು ಎಲ್ಲೆಲ್ಲಿ ನೊಂದಿದೆಯೆಂದು ಅಳೆದು ಬಾ ಎಂದು ಸಂಬಳ ಕೊಟ್ಟು ಕಳಿಸಿದರೆ, ಅಳೆಯುವ ಕೋಲಿನಿಂದಲೇ ಒಂದು ಮಗುವಿಗೆ ಪೆಟ್ಟು ಕೊಟ್ಟು ಬಂದ ಮಹಾಶಯ ನಾನು. ಅದೂ ಸಿಟ್ಟಿನಿಂದಲ್ಲ, ದ್ವೇಷದಿಂದಲ್ಲ. ಬರೀ ಚಪ್ಪಾಳೆಯ ಚಪಲದಿಂದ.

ಎಲ್ಲಕ್ಕೂ ಮೂಲ ಒಂದು ಗಂಟಲು. ಮಾತಿಗೆ ಮುಂಚೆ ಮನುಷ್ಯ ಗಂಟಲು ಸರಿಮಾಡಿಕೊಳ್ಳುವುದನ್ನು ನೀವು ಕೇಳಿರುತ್ತೀರಿ, ಆದರೆ ಕಿವಿಗೊಟ್ಟು ಕೇಳಿರಲಿಕ್ಕಿಲ್ಲ. ನಾನು ಕೇಳಿದ್ದೇನೆ, ಬೇರೆ ಉದ್ಯೋಗವಿಲ್ಲದ ಕಾಲದಲ್ಲಿ ಅದೇ ನನ್ನ ಉದ್ಯೋಗವಾಗಿತ್ತು. ಮದುವೆ ಮಾತುಕತೆಯಲ್ಲಿ ಹುಡುಗನ ಸೋದರಮಾವ ಗಂಟಲು ಸರಿಮಾಡಿಕೊಂಡರೆ ‘ಇನ್ನು ನಾನು ಕಿರಿಕಿರಿ ಶುರುಮಾಡುವವನಿದ್ದೇನೆ’ ಎಂದರ್ಥ. ಸನ್ಮಾನಿತರು ಮೈಕಿನ ಮುಂದೆ ಸರಿಮಾಡಿಕೊಂಡರೆ ‘ಎರಡೇ ಮಾತು’ ಎಂಬ ಸುಳ್ಳು ಹತ್ತಿರದಲ್ಲಿದೆ ಎಂದರ್ಥ. ಇನ್ನು ಹೆಂಡತಿ ಅಡುಗೆಮನೆಯಿಂದ ಸರಿಮಾಡಿಕೊಂಡರೆ ಏನರ್ಥ ಎಂಬುದನ್ನು ವಿವಾಹಿತರೇ ಬಲ್ಲರು. ನನಗಿನ್ನೂ ಆ ಯೋಗ ಕೂಡಿಬಂದಿಲ್ಲ. ನನ್ನನ್ನು ನೋಡಲು ಬಂದ ಒಂದು ಮನೆಯವರ ಎದುರಿಗೆ ಅವರ ಅಜ್ಜನ ನಗೆಯನ್ನೇ ನಕ್ಕು ತೋರಿಸಿದೆನೆಂಬುದು ಅದಕ್ಕೊಂದು ಸಣ್ಣ ಕಾರಣ.

ಹೌದು, ನಾನು ಅನುಕರಣ ಪ್ರವೀಣ. ಹಾಗೆಂದು ನಾನೇ ಹೇಳಿಕೊಳ್ಳುತ್ತೇನೆ. ರಾಣೇಬೆನ್ನೂರಿನ ನಮ್ಮ ಓಣಿಯವರು ಇದಕ್ಕೆ ಬಳಸುವ ಪದ ಇಷ್ಟು ಸಂಸ್ಕೃತವಾಗಿಲ್ಲ. ಏಳನೆಯ ವಯಸ್ಸಿನಲ್ಲಿ ನಮ್ಮ ದೊಡ್ಡಮ್ಮನ ಗೊರಕೆಯನ್ನು ಸ್ವರಸಹಿತ ಪ್ರಸ್ತುತಪಡಿಸಿ ಮೊದಲ ಬಹುಮಾನವಾಗಿ ಮೊದಲ ಏಟು ತಿಂದವನು ನಾನು. ಕಾಲೇಜಿನಲ್ಲಿ ಸಮಾಜಕಾರ್ಯದ ಪ್ರಾಧ್ಯಾಪಕರೊಬ್ಬರನ್ನು ಅವರ ಬೆನ್ನ ಹಿಂದೆ ಎಷ್ಟು ತನ್ಮಯತೆಯಿಂದ ಅನುಕರಿಸುತ್ತಿದ್ದೆನೆಂದರೆ, ಪರೀಕ್ಷೆಯಲ್ಲಿ ಉತ್ತರಗಳೂ ಅವರ ಮಾತಿನ ಧಾಟಿಯಲ್ಲಿಯೇ ಇಳಿದವು. ಅವರು ಸುಪ್ರೀತರಾಗಿ ಪ್ರಥಮ ದರ್ಜೆ ಕೊಟ್ಟರು. ಇಷ್ಟೆಲ್ಲದರ ನಡುವೆ ನನ್ನ ಸ್ವಂತ ಧ್ವನಿ ಯಾವುದೆಂದು ಕೇಳಿದರೆ ಸ್ವಲ್ಪ ಹುಡುಕಬೇಕಾಗುತ್ತದೆ. ಬಹಳ ದಿನ ಉಟ್ಟಿಲ್ಲದ ಬಟ್ಟೆ ಪೆಟ್ಟಿಗೆಯ ತಳದಲ್ಲಿ ಸುಕ್ಕುಗಟ್ಟಿರುತ್ತದಲ್ಲ, ಹಾಗೆ.

ಇಂಥವನಿಗೆ ಸಿಕ್ಕ ಕೆಲಸ ನೋಡಿ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲೂಕುಗಳ ಶಾಲೆಗಳಿಗೆ ಹೋಗಿ, ಹನ್ನೊಂದರಿಂದ ಹದಿನಾರರ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಅವರ ನಿದ್ದೆ, ಭಯ, ಗೆಳೆತನ, ಅಳು, ಏಕಾಂತಗಳ ಬಗ್ಗೆ ಪ್ರಶ್ನೆ ಕೇಳಿ, ಉತ್ತರಗಳನ್ನು ಟ್ಯಾಬಿನಲ್ಲಿ ತುಂಬುವುದು. ಪ್ರತಿ ಪ್ರಶ್ನೆಗೂ ಮೂರೇ ಉತ್ತರ: ‘ಇಲ್ಲವೇ ಇಲ್ಲ’, ‘ಆಗಾಗ’, ‘ಯಾವಾಗಲೂ’. ಈ ಸಂಶೋಧನೆಯ ಮುಖ್ಯಸ್ಥರು ಮೈಸೂರು ಕಡೆಯ ಒಬ್ಬ ಮನೋವೈದ್ಯೆ. ನಮಗೆಲ್ಲ ಅವರು ಡಾಕ್ಟರ್ ಮೇಡಂ. ತರಬೇತಿಯ ಮೊದಲ ದಿನವೇ ಅವರು ಹೇಳಿದ್ದು ಇಷ್ಟು: “ಪ್ರಶ್ನೇನ ಬರೆದಿರೋ ಹಾಗೇ ಓದ್ಬೇಕು. ದನೀಲಿ ದುಃಖ ಬೇಡ, ಖುಷಿ ಬೇಡ, ಸಲಹೆ ಬೇಡ. ನಿಮ್ಮ ದನಿ ಕಿಟಕಿ ಗಾಜಿನ ಥರ ಇರ್ಬೇಕು. ಮಗು ಅದರ ಮೂಲಕ ಪ್ರಶ್ನೆ ನೋಡ್ಬೇಕೇ ಹೊರತು ಗಾಜನ್ನ ನೋಡ್ಬಾರ್ದು.” ಎಷ್ಟು ಸೊಗಸಾದ ಮಾತು! ಊಟದ ಬಿಡುವಿನಲ್ಲಿ ಆ ಮಾತನ್ನು ಮೇಡಂ ಅವರದೇ ಧ್ವನಿಯಲ್ಲಿ, ಕನ್ನಡಕ ಮೇಲೇರಿಸುವ ಬೆರಳಿನ ಸಮೇತ, ಸಹೋದ್ಯೋಗಿಗಳಿಗೆ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಮಾತು ಮಾತ್ರ ನನ್ನ ಕಿವಿಯಿಂದ ನೇರವಾಗಿ ನಾಲಿಗೆಗೆ ಹೋಗಿತ್ತು, ನಡುವೆ ಎಲ್ಲಿಯೂ ಇಳಿದಿರಲಿಲ್ಲ.

ನಗದಿದ್ದವರು ಒಬ್ಬರೇ, ಶಕುಂತಲಕ್ಕ. ಬ್ಯಾಡಗಿಯವರು, ನನ್ನ ಜೋಡಿ ಸಮೀಕ್ಷಕಿ, ನನಗಿಂತ ನಾಲ್ಕು ವರ್ಷಕ್ಕೆ ಹಿರಿಯರು, ಗಾಂಭೀರ್ಯದಲ್ಲಿ ನಲವತ್ತು ವರ್ಷಕ್ಕೆ. ಅವರ ಓದು ನಿಜಕ್ಕೂ ಗಾಜೇ. ‘ನಿನಗೆ ಸಾಯಬೇಕೆನಿಸಿದೆಯೇ’ ಎಂಬುದನ್ನೂ ‘ನಿನಗೆ ಎಷ್ಟು ಜನ ಅಣ್ಣತಮ್ಮಂದಿರು’ ಎಂಬುದನ್ನೂ ಒಂದೇ ಎತ್ತರದಲ್ಲಿ ಕೇಳಬಲ್ಲರು. ಅವರ ಮುಂದೆ ಕೂತ ಮಕ್ಕಳು ಮೊದಲು ಬೆದರುತ್ತಾರೆ, ಆಮೇಲೆ ಏನೋ ಭರವಸೆ ಹುಟ್ಟಿ ಎಲ್ಲವನ್ನೂ ಹೇಳಿಬಿಡುತ್ತಾರೆ. ಇದನ್ನು ನಾನು ‘ಶುಷ್ಕ ಶೈಲಿ’ ಎಂದು ಕರೆದು ನನ್ನದನ್ನು ‘ರಸ ಶೈಲಿ’ ಎಂದು ಹೆಸರಿಸಿದ್ದೆ. “ಏನಪಾ ವೀರೇಶ, ರಸಾ ಭಾಳ ಆದ್ರ ಎಲಿಯಿಂದ ಹೊರಗ ಹರಿತೈತಿ, ನೋಡಿ ಬಡಸು,” ಎಂದು ಅವರು ಎಚ್ಚರಿಸಿದ್ದರು. ನಾನು ಆ ಎಚ್ಚರಿಕೆಯನ್ನೂ ಅವರ ಧ್ವನಿಯಲ್ಲಿ ಕಲಿತಿಟ್ಟುಕೊಂಡೆ.

ಮನಸ್ಸಿನ ಸಮೀಕ್ಷೆ ಎಂದರೆ ನಮ್ಮ ಕಡೆಯ ಜನ ಹೇಗೆ ಸ್ವೀಕರಿಸುತ್ತಾರೆಂಬ ಕುತೂಹಲ ನಿಮಗಿರಬಹುದು. ಮಕ್ಕಳನ್ನು ಪ್ರಶ್ನಿಸುವ ಮೊದಲು ತಂದೆತಾಯಿಯರಿಂದ ಒಪ್ಪಿಗೆ ಪತ್ರ ತರಬೇಕು. ಹಾಗೆ ಮನೆಮನೆಗೆ ಹೋದಾಗ ಕಾಗಿನೆಲೆಯ ಹತ್ತಿರ ಒಬ್ಬ ಗೃಹಸ್ಥರು ಪತ್ರವನ್ನು ಹಿಂದುಮುಂದು ನೋಡಿ, “ನಮ್ಮ ಹುಡುಗಗ ಮನಸ್ಸಿನ್ಯಾಗ ಏನೈತಿ ಅನ್ನೂದು ದೂರ ಉಳೀತ್ರಿ, ಮೊದಲ ಮನಸ್ಸ ಐತೋ ಇಲ್ಲೋ ಅಷ್ಟ ನೋಡಿ ಹೇಳ್ರಿ, ಸಾಕು,” ಎಂದು ಸಹಿ ಹಾಕಿದರು. ಇನ್ನೊಂದು ಮನೆಯ ಅಜ್ಜಿ, “ಹೊಲದ್ದ ಸರ್ವೇನ ಇನ್ನಾ ಮುಗದಿಲ್ಲ, ಮನಸಿಂದು ಯಾವಾಗ ಮುಗಸ್ತೀರೋ ಯಪ್ಪಾ?” ಎಂದು ಮರುಗಿದರು. ಎಲ್ಲ ತಂದೆಯರ ಸಾಮಾನ್ಯ ಪ್ರಶ್ನೆ ಮಾತ್ರ ಒಂದೇ: “ಇದರಾಗ ಪಾಸಾದ್ರ ಏನ್ ಸಿಗತೈತ್ರಿ?”

ಬ್ಯಾಡಗಿಯಲ್ಲಂತೂ ನನ್ನ ವಿಜ್ಞಾನ ಮೊದಲ ದಿನವೇ ಮುಗ್ಗರಿಸಿತು. ಮೆಣಸಿನಕಾಯಿ ಮಾರುಕಟ್ಟೆಗೆ ಹತ್ತಿರದ ಶಾಲೆ, ಸುಗ್ಗಿಯ ಕಾಲ. ನನ್ನ ಮುಂದೆ ಕೂತ ಮಕ್ಕಳ ಕಣ್ಣಲ್ಲೆಲ್ಲ ನೀರು. ಟ್ಯಾಬಿನಲ್ಲಿ ‘ಸಂದರ್ಶನದ ವೇಳೆ ಮಗು ಅತ್ತಿತೇ?’ ಎಂಬ ಕಲಮಿದೆ. ನಾನು ಒಂದಾದ ಮೇಲೊಂದು ‘ಹೌದು’ ಒತ್ತುತ್ತಾ ಹೋದೆ. ಇಷ್ಟು ದುಃಖಿತ ಊರಿನಲ್ಲಿ ಜನ ಹೇಗೆ ಬಾಳುತ್ತಾರೆಂದು ನನ್ನ ಕಣ್ಣೂ ತುಂಬಿ ಬಂತು. ಪಕ್ಕದ ಮೇಜಿನಿಂದ ಶಕುಂತಲಕ್ಕ ಬಗ್ಗಿ ನೋಡಿ, “ಅದು ದುಃಖ ಅಲ್ಲೋ ಮಾರಾಯಾ, ಘಾಟು! ಕಿಡಿಕಿ ಮುಚ್ಚು,” ಎಂದರು. ಆಮೇಲೆ ತವರಿನ ಅಭಿಮಾನ ತಡೆಯಲಾಗದೆ, “ನಮ್ಮ ಕಾಯಿ ಖಾರ ಕಡಿಮಿ, ಬಣ್ಣ ಜಾಸ್ತಿ. ನೀನ ನಾಜೂಕ ಮನಶ್ಯಾ,” ಎಂದು ಸೇರಿಸಿದರು. ಅಂದಿನ ಕಣ್ಣೀರುಗಳನ್ನೆಲ್ಲ ನಾವಿಬ್ಬರೂ ಕೂತು ಅಳಿಸಿದೆವು.

ಇಷ್ಟರಲ್ಲೇ ನಾನು ಪಾಠ ಕಲಿಯಬಹುದಿತ್ತು. ಕಲಿಯಲಿಲ್ಲ.

ಆ ಶಾಲೆ ಗುತ್ತಲದಿಂದಾಚೆ, ಹೊಳೆಯ ಕಡೆಗಿನ ಒಂದು ಊರಿನದು. ಊರಿನ ಹೆಸರು ಹೇಳುವುದಿಲ್ಲ; ಸಂಶೋಧನೆಯ ನಿಯಮ. ಆ ದಿನ ಶಕುಂತಲಕ್ಕ ತಂಗಿಯ ನಿಶ್ಚಯಕ್ಕೆಂದು ರಜೆ ಹಾಕಿದ್ದರು. ಬೆಳಗಿನ ಪ್ರಾರ್ಥನೆಯ ನಂತರ ಹೆಡ್ ಮಾಸ್ತರರು ನನ್ನನ್ನು ಮಕ್ಕಳಿಗೆ ಪರಿಚಯಿಸಿದರು. ಪರಿಚಯ ಎರಡು ನಿಮಿಷದ್ದು. ಅದಕ್ಕೆ ಮುಂಚಿನ ಗಂಟಲು ಮಾತ್ರ ಅವಿಸ್ಮರಣೀಯ. ಪ್ರತಿ ವಾಕ್ಯಕ್ಕೂ ಮೊದಲು ಮೂರು ಹಂತ. ಮೊದಲು ‘ಖ್ಖ’ ಎಂದು ಒಂದು ಸಣ್ಣ ತಟ್ಟು, ಬಾಗಿಲು ಬಡಿದಂತೆ. ಆಮೇಲೆ ‘ಖ್ಖೂಂ’ ಎಂದು ಒಳಗೆ ಯಾರೋ ಎದ್ದು ಚಿಲಕ ಸರಿಸಿದಂತೆ. ಕೊನೆಗೆ ‘ಹ್ಞಾಂ’ ಎಂದು ಬಾಗಿಲು ತೆರೆದು ಮಾತು ಹೊರಬಂದಂತೆ. ಇಂಥ ಅಪೂರ್ವ ವಸ್ತು ಕಿವಿಗೆ ಬಿದ್ದಾಗ ಕಲಾವಿದ ಏನು ಮಾಡಬೇಕು, ಹೇಳಿ? ಪರಿಚಯ ಮುಗಿಯುವಷ್ಟರಲ್ಲಿ ಮೂರೂ ಹಂತ ನನ್ನ ಗಂಟಲಿಗೆ ವರ್ಗವಾಗಿದ್ದವು.

ನನಗೆ ಕೊಟ್ಟ ಕೋಣೆ ಗ್ರಂಥಾಲಯ ಎಂಬ ಹೆಸರಿನ ಕಪಾಟು-ಸಹಿತ ಜಾಗ. ಮೊದಲು ಬಂದ ಏಳನೆಯ ತರಗತಿಯ ಹುಡುಗ ಕುರ್ಚಿಗೆ ಮೊಳೆ ಹೊಡೆದಂತೆ ಕೂತ. ಏನು ಕೇಳಿದರೂ ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದ. ಅವನ ಹೆದರಿಕೆ ಬಿಡಿಸುವುದಷ್ಟೇ ನನ್ನ ಉದ್ದೇಶವಾಗಿತ್ತು, ದೇವರಾಣೆ. ನಾಲ್ಕನೆಯ ಪ್ರಶ್ನೆಯಲ್ಲಿ ‘ಇಲ್ಲವೇ ಇಲ್ಲ’ವನ್ನು ಬಸ್ಸಿನಲ್ಲಿ ಜಾಗವಿಲ್ಲವೆನ್ನುವ ಕಂಡಕ್ಟರನ ಧ್ವನಿಯಲ್ಲಿ, ‘ಆಗಾಗ’ವನ್ನು ಮೊಣಕಾಲು ನೋವಿನ ಅಜ್ಜಿಯ ಧ್ವನಿಯಲ್ಲಿ, ‘ಯಾವಾಗಲೂ’ವನ್ನು ಹೆಡ್ ಮಾಸ್ತರರ ಧ್ವನಿಯಲ್ಲಿ ಹೇಳಿದೆ, ಮೂರೂ ಹಂತಗಳ ಸಮೇತ. ಹುಡುಗ ತಲೆಯೆತ್ತಿದ. ಮುಖ ಅರಳಿತು. “ಯಾವಾಗಲೂ!” ಎಂದ.

“ರಾತ್ರಿ ಒಬ್ಬನೇ ಇರಲು ಭಯವಾಗುತ್ತದೆಯೇ?”

“ಯಾವಾಗಲೂ! ಇನ್ನೊಮ್ಮಿ ಮಾಡ್ರಿ ಸರ!”

ಅವನು ಹೊರಗೆ ಹೋದ ಐದು ನಿಮಿಷಕ್ಕೆ ಬಾಗಿಲಲ್ಲಿ ಸಾಲು. ನಾವು ಸಮೀಕ್ಷಕರು ಮಕ್ಕಳನ್ನು ಹುಡುಕಿ ಕರೆತರುವುದು ವಾಡಿಕೆ. ಇಲ್ಲಿ ಮಕ್ಕಳೇ ನೂಕಾಡಿ ಒಳಬರುತ್ತಿದ್ದರು, ಕೂರುವ ಮೊದಲೇ ‘ಯಾವಾಗಲೂ’ ಎನ್ನುತ್ತಿದ್ದರು. ಯಶಸ್ಸಿನ ಅಮಲು ತಲೆಗೇರಿದಾಗ ಮನುಷ್ಯನಿಗೆ ತಾನು ಏನು ಬರೆದುಕೊಳ್ಳುತ್ತಿದ್ದೇನೆಂಬ ಪ್ರಜ್ಞೆಯೂ ಇರುವುದಿಲ್ಲ. ಕೇಳಿದ್ದಕ್ಕೆ ಉತ್ತರ ಬಂದಿದೆ, ಉತ್ತರ ಒತ್ತಿದ್ದೇನೆ. ಸಂಶೋಧನೆ ಸಾಂಗವಾಗಿ ಸಾಗಿದೆ!

ಒಬ್ಬಳು ಹುಡುಗಿ ಮಾತ್ರ ನಗಲಿಲ್ಲ. ಎಂಟನೆಯ ತರಗತಿ, ನಿಯಮದಂತೆ ಹೆಸರು ಬದಲಿಸಿ ಅಕ್ಷತಾ ಎಂದುಕೊಳ್ಳೋಣ. ಎಲ್ಲ ಪ್ರಶ್ನೆಗೂ, ನಾನು ‘ಯಾವಾಗಲೂ’ ತಲುಪುವ ಮೊದಲೇ, “ಇಲ್ಲವೇ ಇಲ್ಲ” ಎಂದು ಕತ್ತರಿಸಿ ಹೇಳಿ, ಮೂರು ನಿಮಿಷದಲ್ಲಿ ಎದ್ದು ಹೋದಳು. ಸಮೀಕ್ಷಕನ ಷರಾ ಬರೆಯುವ ಕಲಮಿನಲ್ಲಿ ನಾನು ಬರೆದದ್ದನ್ನು ಇಂದು ನೆನೆದರೂ ಕಿವಿ ಬಿಸಿಯಾಗುತ್ತದೆ: ‘ಹಾಸ್ಯಪ್ರಜ್ಞೆ ಕಡಿಮೆ.’

ಎರಡು ದಿನ ಬಿಟ್ಟು ಮೇಡಂ ಫೋನ್ ಮಾಡಿದರು. ಧ್ವನಿಯಲ್ಲಿ ಗಾಜು ಬಿರುಕು ಬಿಟ್ಟಿತ್ತು. “ವೀರೇಶ್, ಆ ಊರಲ್ಲಿ ಏನಾಗಿದೆ? ಏನಾದ್ರೂ ದುರಂತ ಆಯ್ತಾ? ಇಡೀ ಶಾಲೆ ರಾತ್ರಿ ನಿದ್ದೆ ಮಾಡ್ತಿಲ್ಲ, ದಿನಾ ಅಳ್ತಿದೆ, ಯಾರಿಗೂ ಒಬ್ಬ ಸ್ನೇಹಿತನೂ ಇಲ್ಲ!” ನಮ್ಮ ನಿಯಮದ ಪ್ರಕಾರ ಯಾವುದೇ ಮಗುವಿನ ಉತ್ತರಗಳು ಒಂದು ಮಿತಿ ದಾಟಿದರೆ ಅದನ್ನು ಹಾವೇರಿಗೆ ಕರೆತಂದು ಆಪ್ತಸಲಹೆ ಕೊಡಿಸಬೇಕು. ಇಲ್ಲಿ ಮಿತಿ ದಾಟದಿರುವ ಮಗುವೇ ಒಂದು. ಉಳಿದವರನ್ನು ತರಲು ಬಸ್ಸು ಹಿಡಿಯಬೇಕಿತ್ತು. ನಾನು “ನೋಡ್ತೀನಿ ಮೇಡಂ” ಎಂದು ಫೋನಿಟ್ಟೆ. ನೋಡುವುದೇನಿತ್ತು? ಏನಾಗಿದೆಯೆಂದು ನನಗೆ ಆಗಲೇ ತಿಳಿದಿತ್ತು.

ಮರುದಿನದ ರೈಲಿಗೆ ಮೇಡಂ ಹಾವೇರಿಗೆ ಬಂದಿಳಿದರು. ಮೇಡಂ, ಶಕುಂತಲಕ್ಕ, ನಾನು ಮೂವರೂ ಶಾಲೆಗೆ ಹೋದೆವು. ದಾರಿಯುದ್ದಕ್ಕೂ ತಪ್ಪೊಪ್ಪಿಗೆಯನ್ನು ಯಾವ ಧ್ವನಿಯಲ್ಲಿ ಮಾಡಿದರೆ ಹಗುರಾದೀತೆಂದು ಹುಡುಕುತ್ತಿದ್ದೆ. ಅದರ ಅಗತ್ಯವೇ ಬೀಳಲಿಲ್ಲ. ಜೀಪಿನಿಂದ ಕಾಲು ಕೆಳಗಿಟ್ಟದ್ದೇ ತಡ, ಆ ನಿದ್ದೆಗೆಟ್ಟ, ನಿತ್ಯರೋದನದ, ಸ್ನೇಹಶೂನ್ಯ ಮಕ್ಕಳೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ಕುಣಿಯುತ್ತಾ ಬಂದು ಮುತ್ತಿದರು. “ಸರ, ಹೆಡ್ ಮಾಸ್ತರ್‍ನ ಮಾಡ್ರಿ! ಸರ, ಯಾವಾಗಲೂ ಮಾಡ್ರಿ!”

ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು. ಶಕುಂತಲಕ್ಕ ನನ್ನನ್ನು ನೋಡಲಿಲ್ಲ. ಅದು ಹೆಚ್ಚಿನ ಶಿಕ್ಷೆ.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ನಗೆಯ ಕಥೆ. ಆ ಶಾಲೆಯ ನನ್ನ ಉತ್ತರಗಳನ್ನೆಲ್ಲ ಕಿತ್ತುಹಾಕುವುದು, ಶಕುಂತಲಕ್ಕ ಹೊಸದಾಗಿ ಕೇಳುವುದು ಎಂದು ತೀರ್ಮಾನವಾಯಿತು. ಆದರೆ ಮೇಡಂ ಅವರಿಗೆ ಒಬ್ಬಳ ಬಗ್ಗೆ ಕುತೂಹಲ ಉಳಿದಿತ್ತು. “ಎಲ್ರೂ ‘ಯಾವಾಗಲೂ’ ಅಂದ್ರೆ ಒಬ್ಳು ಮಾತ್ರ ‘ಇಲ್ಲವೇ ಇಲ್ಲ’ ಅಂದಿದಾಳೆ. ಅವಳನ್ನ ಕರೀರಿ.” ಎಂಟನೆಯ ತರಗತಿಗೆ ಹೋಗಿ ಅಕ್ಷತಾ ಎಲ್ಲಿ ಎಂದು ಕೇಳಿದ್ದೇ ಮಕ್ಕಳು ಪರಸ್ಪರ ಮುಖ ನೋಡಿಕೊಂಡರು. ಹಿಂದಿನ ಸಾಲಿನಿಂದ ಯಾರೋ ‘ಖ್ಖ’ ಎಂದರು. ನಡುವಿನಿಂದ ‘ಖ್ಖೂಂ’. ಆಮೇಲೆ ಇಡೀ ತರಗತಿ ಒಂದೇ ಉಸಿರಿನಲ್ಲಿ ‘ಹ್ಞಾಂ’ ಎಂದು ನಕ್ಕಿತು.

“ಅಕಿ ಸಾಲಿಗೆ ಬರಾಂಗಿಲ್ರಿ,” ಎಂದ ಮುಂದಿನ ಬೆಂಚಿನ ಹುಡುಗ. “ಅಕಿ ಹೆಡ್ ಮಾಸ್ತರ ಮಗಳ್ರಿ.”

ನೀವು ಎಂದಾದರೂ ಕತ್ತಲೆಯಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಿದ್ದೀರಾ? ಹಾಗಾಯಿತು. ನಾನು ಬಂದು ಹೋದ ಮರುದಿನದಿಂದ ಅವಳು ತರಗತಿಗೆ ಕಾಲಿಟ್ಟರೆ ಗಂಟಲು, ನೀರು ಕುಡಿಯಲು ಎದ್ದರೆ ಗಂಟಲು, ಬಿಸಿಯೂಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತರೆ ಹಿಂದಿನಿಂದ ಗಂಟಲು. ಎರಡನೆಯ ದಿನ ಹೊಟ್ಟೆನೋವೆಂದು ಮನೆಯಲ್ಲುಳಿದವಳು ಮತ್ತೆ ಬಂದಿರಲಿಲ್ಲ. ಗಾಯವಿಲ್ಲದವಳು ಎಂಬರ್ಥದ ಹೆಸರನ್ನು ನಾನು ಅವಳಿಗೆ ಇಟ್ಟದ್ದು ಹಾರೈಕೆಯೆಂದು ತಿಳಿಯಿರಿ, ವರ್ಣನೆಯೆಂದಲ್ಲ. ನಮ್ಮ ಪ್ರಶ್ನಾವಳಿ ಅಳೆಯಬಂದಿದ್ದ ಭಯ, ಅಳು, ಏಕಾಂತ ಮೂರೂ ಆ ಶಾಲೆಯಲ್ಲಿ ಒಂದು ಮಗುವಿಗೆ ನಿಜವಾಗಿಯೂ ಇದ್ದವು. ಅವನ್ನು ಜೀಪಿನಲ್ಲಿ ತಂದಿಳಿಸಿದವನೂ ನಾನೇ, ‘ಇಲ್ಲವೇ ಇಲ್ಲ’ ಎಂದು ದಾಖಲಿಸಿದವನೂ ನಾನೇ.

“ಆ ಮಗು ಶಾಲೆಗೆ ಬರೋ ತನಕ ನಿಮಗೆ ಬೇರೆ ಕೆಲಸ ಇಲ್ಲ,” ಎಂದರು ಮೇಡಂ. ಬೈಗುಳಕ್ಕಿಂತ ಇದು ಕಷ್ಟವಾಯಿತು.

ಹೆಡ್ ಮಾಸ್ತರರ ಬಾಡಿಗೆ ಮನೆ ಶಾಲೆಯ ಹಿಂದಿನ ಓಣಿಯಲ್ಲಿ. ಅವರೇ ನಮ್ಮನ್ನು ಕರೆದೊಯ್ದರು. ಮೇಡಂ ಒಳಗೆ ಹೋಗಿ ಅಕ್ಷತಾಳ ಜೊತೆ ಕೂತರು. ಶಕುಂತಲಕ್ಕ ಮತ್ತು ನಾನು ಹೊರಗಿನ ಕಟ್ಟೆಯ ಮೇಲೆ. ಹೆಡ್ ಮಾಸ್ತರರು ತಾವೇ ಚಹಾ ತಂದರು. “ಖ್ಖ... ಖ್ಖೂಂ... ಹ್ಞಾಂ. ಚಾ ತಗೋರಿ.” ನಾನು ತಲೆ ತಗ್ಗಿಸಿ ಕಪ್ಪು ತೆಗೆದುಕೊಂಡೆ. ಅವರು ನನ್ನ ಪಕ್ಕದಲ್ಲೇ ಕೂತು, ಬಹಳ ಸೌಜನ್ಯದಿಂದ, ಸಹಕಲಾವಿದನೊಬ್ಬನಿಗೆ ಹೇಳುವಂತೆ ಹೇಳಿದರು:

“ನಿಮ್ದು ಚಲೋ ಬಂದಿತ್ರಿ. ಮೂರನೇದ್ದು ಒಂದೀಟ ಉದ್ದಾತು. ನಂದು ಅಷ್ಟ ಉದ್ದ ಇಲ್ಲ.”

ನನಗೆ ಚಹಾ ನೆತ್ತಿಗೇರಿತು. “ಸರ... ನೀವು ಕೇಳಿದ್ರಿ?”

“ನನ್ನ ಖೋಲಿ ಬಾಜೂಕನ ಐತಲ್ರಿ. ನಡಬರಕ ಇರೂದು ಬರೇ ತಗಡು.”

“ಮತ್ಯಾಕ ಆಗ ಬೈಲಿಲ್ರಿ?” ಎಂದರು ಶಕುಂತಲಕ್ಕ. ನನ್ನ ಪರವಾಗಿ ಬೈಗುಳ ಬೇಡಿಕೊಳ್ಳುತ್ತಿದ್ದ ಹಾಗಿತ್ತು.

“ಏನ್ ಬೈಯೂದ್ರಿ. ನೌಕರಿ ಹತ್ತಿದಾಗಿಂದ ಹುಡುಗ್ರು ಮಾಡ್ಕೋತನ ಬಂದಾರ. ಒಂದಿನಾ ಮಾಡ್ಲಿಲ್ಲಂದ್ರ ನಾ ಇವತ್ತ ಸಾಲಿಗೆ ಬಂದೇನಿಲ್ಲೋ ಅಂತ ನನಗ ಸಂಶೆ ಬರತೈತಿ,” ಎಂದು ನಕ್ಕರು. ಆಮೇಲೆ ನಗು ಸ್ವಲ್ಪ ಹಿಂದಕ್ಕೆ ಸರಿಯಿತು. “ಆದ್ರ ಇಷ್ಟ ದಿನಾ ನನ್ನ ಬೆನ್ನ ಹಿಂದ ಮಾಡ್ತಿದ್ರು, ಅಕಿ ಮುಂದ ಮಾಡ್ತಿರಲಿಲ್ಲ. ಹುಡುಗರಿಗೆ ಅಷ್ಟ ತಿಳೀತದ್ರಿ. ಹೊರಗಿನಾಂವ ದೊಡ್ಡಾಂವ ಒಬ್ಬಾಂವ ಬಂದು, ಮೇಜು ಕುರ್ಚಿ ಹಾಕ್ಕೊಂಡ ಕುಂತು ಮಾಡಿ ತೋರಿಸಿದ ಮ್ಯಾಲ ಅದಕ್ಕೊಂದು ಲೈಸೆನ್ಸ್ ಆತು.”

ನಾನು ಆರು ತಿಂಗಳ ತರಬೇತಿಯಲ್ಲಿ ಕಲಿಯದಿದ್ದುದನ್ನು ಆ ಮನುಷ್ಯ ಒಂದು ಕಪ್ಪು ಚಹಾ ಆರುವಷ್ಟರಲ್ಲಿ ಹೇಳಿಬಿಟ್ಟಿದ್ದರು. ಮಕ್ಕಳ ಚೇಷ್ಟೆಗೆ ಒಂದು ಗಡಿಯಿತ್ತು. ಯಾರೂ ಎಳೆದದ್ದಲ್ಲ, ಅವರೇ ಎಳೆದುಕೊಂಡದ್ದು. ವಿದ್ಯಾವಂತನಾದ ನಾನು ಹೋಗಿ ಅದನ್ನು ಅಳಿಸಿ ಬಂದಿದ್ದೆ.

ಅರ್ಧ ಗಂಟೆಯ ಮೇಲೆ ಮೇಡಂ ಬಾಗಿಲಿಗೆ ಬಂದರು. “ನನ್ನ ಹತ್ರ ಚೆನ್ನಾಗೇ ಮಾತಾಡಿದ್ಲು. ಈಗ ನಿಮ್ಮನ್ನ ಕರೀತಿದಾಳೆ.”

ಅಕ್ಷತಾ ಮಂಚದ ಮೇಲೆ ನೋಟುಬುಕ್ಕು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೊಟ್ಟೆನೋವಿನವಳ ಹಾಗೆ ಕಾಣಲಿಲ್ಲ. ನ್ಯಾಯಾಧೀಶರ ಹಾಗೆ ಕಂಡಳು. ನಾನು ಜೀಪಿನಲ್ಲಿ ತಯಾರಿಸಿಕೊಂಡಿದ್ದ ಕ್ಷಮಾಪಣೆಯನ್ನು ಶುರುಮಾಡುವಷ್ಟರಲ್ಲಿ ಅವಳೇ ಕೇಳಿದಳು.

“ನಿಮಗ ಎಲ್ಲಾರ ದನಿ ಬರತೈತೇನ್ರಿ?”

“ಹ್ಞೂಂ... ಸುಮಾರ ಎಲ್ಲಾರದು,” ಎಂದೆ. ಆ ಗಳಿಗೆಯಲ್ಲೂ ಒಂದಿಷ್ಟು ಹೆಮ್ಮೆ ಇಣುಕಿತೆಂದು ಒಪ್ಪಿಕೊಳ್ಳುತ್ತೇನೆ.

“ನಿಮ್ಮಪ್ಪಾರದು?”

ಓಣಿಯವರೆಲ್ಲ, ಬಂಧುಗಳೆಲ್ಲ, ಗುರುಗಳು, ಶತ್ರುಗಳು, ಬಸ್ಸು, ಗಿರಣಿ, ಗೊರಕೆ ಎಲ್ಲವನ್ನೂ ಬಾಯಲ್ಲಿ ತುಂಬಿಕೊಂಡಿದ್ದ ನಾನು ಅಪ್ಪನನ್ನು ಒಮ್ಮೆಯೂ ಮಾಡಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ. ಮಾಡಬಾರದೆಂದು ನಿರ್ಧರಿಸಿದ್ದೂ ಇಲ್ಲ. ಅದು ತೋಚಿಯೇ ಇರಲಿಲ್ಲ.

“ಇಲ್ಲವ್ವಾ, ಮಾಡಿಲ್ಲ,” ಎಂದೆ.

“ಯಾಕ್ರಿ?”

“ನಮ್ಮಪ್ಪನ್ನ ನೋಡಿ ನಗೂವಂಥಾದ್ದೇನಿಲ್ಲ.”

ಹೇಳಿ ಮುಗಿಸಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅಕ್ಷತಾ ನನ್ನನ್ನೇ ನೋಡುತ್ತಿದ್ದಳು. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಮೇಡಂ ಗಾಜಿನಂತೆ ನಿರ್ವಿಕಾರವಾಗಿ ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

“ನಾಳೆ ಮಾಡ್ರಿ,” ಎಂದಳು ಅಕ್ಷತಾ. “ನಮ್ಮ ಕ್ಲಾಸಿನ್ಯಾಗ. ಎಲ್ಲಾರ ಮುಂದ. ನಾ ಕಿಡಿಕ್ಯಾಗ ನಿಂತು ನೋಡ್ತೀನಿ.”

ಆ ಸಂಜೆ ರಾಣೇಬೆನ್ನೂರಿಗೆ ಮರಳಿ ನೇರವಾಗಿ ಅಪ್ಪನ ಬೀಜದ ಅಂಗಡಿಗೆ ಹೋಗಿ ಒಂದು ಮೂಟೆಯ ಮೇಲೆ ಕೂತೆ. ಇಪ್ಪತ್ತನಾಲ್ಕು ವರ್ಷ ಕೇಳಿದ ಧ್ವನಿಯನ್ನು ಮೊದಲ ಬಾರಿಗೆ ಕೇಳತೊಡಗಿದೆ. ಅಪ್ಪ ಮೊಬೈಲಿನಲ್ಲಿ ಮಾತಾಡುವಾಗ, ಕೇಳಲು ಅದನ್ನು ಕಿವಿಗಿಡುತ್ತಾನೆ. ಹೇಳಲು ಮುಖದ ಮುಂದೆ ಹಿಡಿದು, ಅದರೊಳಗೆ ಕೂತವರಿಗೆ ಕಾಣಲೆಂಬಂತೆ ಕೈ ಮಾಡಿ ಹೇಳುತ್ತಾನೆ. ಯಾವುದೇ ಕರೆ ಬಂದರೂ ಮೊದಲ ಮಾತು ಒಂದೇ: “ಹಲೋ! ನಾನ ಅದೀನಿ. ನೀವು ಅದೀರೇನು?” ಗಿರಾಕಿ ಬೀಜ ಮೊಳೆಯುತ್ತದೆಯೇ ಎಂದು ಕೇಳಿದರೆ ಎದೆಯ ಮೇಲೆ ಕೈಯಿಟ್ಟು, “ನನ್ನ ಬಿತ್ತಿದ್ರೂ ಮೊಳೀತೀನಿ,” ಎನ್ನುತ್ತಾನೆ. ಇಷ್ಟು ಸಮೃದ್ಧ ಸಾಮಗ್ರಿ ಮನೆಯಲ್ಲಿಟ್ಟುಕೊಂಡು ನಾನು ಊರೆಲ್ಲ ಅಲೆದಿದ್ದೆ! ದಿಟ್ಟಿಸಿ ನೋಡುತ್ತಿದ್ದ ನನ್ನನ್ನು ಕಂಡು ಅಪ್ಪ, “ಏನೋ, ಹಂಗ್ಯಾಕ ನೋಡಾಕತ್ತೀದಿ? ಮಾರಿಗೆ ಏನರ ಹತ್ತೈತೇನು?” ಎಂದು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಕಳ್ಳನಿಗೆ ತನ್ನ ಮನೆಯಲ್ಲೇ ಕದಿಯುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ಮರುದಿನ ಎಂಟನೆಯ ತರಗತಿ. ಶಕುಂತಲಕ್ಕ ಗ್ರಂಥಾಲಯದಲ್ಲಿ ಮಕ್ಕಳನ್ನು ಹೊಸದಾಗಿ ಕೇಳತೊಡಗಿದ್ದರು. ಆ ಗಾಜಿನ ಧ್ವನಿಗೆ ಮಕ್ಕಳು ಗಣಿತದ ಭಯ, ಅಣ್ಣನ ಏಟು ಎಂದು ತಮ್ಮ ನಿಜದ ಅಳತೆಗೆ ಮರಳುತ್ತಿದ್ದರು. ನಿಜವಾಗಿ ನಿದ್ದೆಯಿಲ್ಲದ ಇಬ್ಬರು ಆಗ ಸಿಕ್ಕರು. ನನ್ನ ‘ಯಾವಾಗಲೂ’ಗಳ ಜಾತ್ರೆಯಲ್ಲಿ ಅವರ ‘ಯಾವಾಗಲೂ’ ಯಾರಿಗೂ ಕೇಳಿಸುತ್ತಿರಲಿಲ್ಲ. ಅವರಿಗೀಗ ಹಾವೇರಿಯಲ್ಲಿ ಆಪ್ತಸಲಹೆ ನಡೆದಿದೆ. ಇದನ್ನು ಬರೆಯುವಾಗ ಮಾತ್ರ ನನಗೆ ಯಾರ ಧ್ವನಿಯೂ ಬೇಕೆನಿಸುತ್ತಿಲ್ಲ.

ಕಪ್ಪುಹಲಗೆಯ ಮುಂದೆ ನಿಂತೆ. ಕಿಟಕಿಯ ಸರಳುಗಳ ಆಚೆ ಅಕ್ಷತಾಳ ಎರಡು ಜಡೆ ಕಂಡವು. “ಇವತ್ತ ಬ್ಯಾರೇ ಒಬ್ಬರನ್ನ ಮಾಡ್ತೀನಿ. ಇವರು ನಮ್ಮಪ್ಪ,” ಎಂದೆ. ಜೇಬಿನಿಂದ ಮೊಬೈಲ್ ತೆಗೆದು ಮುಖದ ಮುಂದೆ ಹಿಡಿದೆ. “ಹಲೋ! ನಾನ ಅದೀನಿ. ನೀವು ಅದೀರೇನು?”

ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ಹುರುಪಾಗಿ ಎದೆಯ ಮೇಲೆ ಕೈಯಿಟ್ಟು ಬೀಜ ಮೊಳೆಯುವುದನ್ನೂ ಮಾಡಿದೆ. ಮೇಜು ಬಡಿದರು, ಶಿಳ್ಳೆ ಹಾಕಿದರು. ನನ್ನ ಬದುಕಿನ ಅತ್ಯುತ್ತಮ ಪ್ರದರ್ಶನ ಅದು. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, ಕಂಪಾಸು ಪೆಟ್ಟಿಗೆಯನ್ನು ಮುಖದ ಮುಂದೆ ಹಿಡಿದು, “ಹಲೋ! ನಾನ ಅದೀನಿ. ನೀವು ಅದೀರೇನು?” ಎಂದ. ಕೈ ಮಾಡಿದ್ದು ಕೂಡ ಸರಿಯಾಗಿತ್ತು. ನಮ್ಮಪ್ಪ, ವಸ್ತ್ರದಿಂದ ಮುಖ ಒರೆಸಿಕೊಂಡ ನಮ್ಮಪ್ಪ, ತಾನೆಂದೂ ಕಾಣದ ಊರಿನಲ್ಲಿ ತನ್ನನ್ನು ಕಾಣದ ಹುಡುಗನೊಬ್ಬನ ಬಾಯಲ್ಲಿ ಸಿಕ್ಕಿಬಿದ್ದಿದ್ದ. ತರಗತಿ ನನಗೆ ನಕ್ಕಿದ್ದಕ್ಕಿಂತ ಹೆಚ್ಚು ಅವನಿಗೆ ನಕ್ಕಿತು.

“ಏ, ಸುಮ್ನ ಕುಂದರ್ಲೇ!” ಎಂದು ಯಾರೋ ಗದರಿದರು. ಯಾರೆಂದು ನೋಡಿದರೆ ನಾನೇ. ಅಪ್ಪಟ ನನ್ನ ಧ್ವನಿ. ಕಣ್ಣು ಉರಿಯುತ್ತಿತ್ತು, ಘಾಟೆಂದು ಹೇಳಿಕೊಳ್ಳಲು ಬ್ಯಾಡಗಿ ಬಹಳ ದೂರವಿತ್ತು.

ಮಕ್ಕಳು ನನ್ನ ಮುಖ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಕಿಟಕಿಯ ಕಡೆ ನೋಡಿದರು. ಎದ್ದು ನಿಂತಿದ್ದ ಹುಡುಗ ಕಂಪಾಸು ಪೆಟ್ಟಿಗೆಯನ್ನು ಸದ್ದಾಗದಂತೆ ಬೆಂಚಿನ ಮೇಲಿಟ್ಟ. ಧ್ವನಿಯೆಂಬುದು ದಾರಿಯಲ್ಲಿ ಬಿದ್ದ ವಸ್ತುವೇನಲ್ಲ, ಪ್ರತಿಯೊಂದಕ್ಕೂ ಮನೆಯಲ್ಲಿ ಕಾಯುವವರಿದ್ದಾರೆ ಎಂದು ನಾನೊಂದು ಭಾಷಣ ಮಾಡಬಹುದಿತ್ತು. ಅದೃಷ್ಟಕ್ಕೆ ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು.

ಹೊರಗೆ ಬಂದೆ. ಅಕ್ಷತಾ ಕಿಟಕಿಯ ಹತ್ತಿರವೇ ನಿಂತಿದ್ದಳು. ಅವಳು ತರಗತಿಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳೆಂದು ಆಗ ತಿಳಿಯಿತು. ನೋಡಬೇಕಾದದ್ದು ಸಿಕ್ಕಿರಬೇಕು, ತುಟಿಯ ಒಂದು ತುದಿ ಸ್ವಲ್ಪ ಮೇಲೇರಿತ್ತು. ನನಗೆ ಅಷ್ಟೇ ಸಾಕಾಯಿತು. ಹಳೆಯ ಚಾಳಿ ಒಂದು ಕ್ಷಣದಲ್ಲಿ ಚೇತರಿಸಿಕೊಂಡಿತು. ಎಲ್ಲ ನನ್ನಿಂದಲೇ ಸರಿಹೋಯಿತೆಂಬ ಗತ್ತಿನಲ್ಲಿ, ಮುಂದಿನ ವಾರ ಬಂದು ಇನ್ನೂ ಯಾರಾರನ್ನು ಮಾಡಿ ರಂಜಿಸಬಹುದೆಂದು ಮನಸ್ಸಿನಲ್ಲೇ ಪಟ್ಟಿ ಹಾಕುತ್ತಾ, “ಈಗ ಸಮಾ ಆತಲ್ಲವಾ? ನಾಳಿಂದ ದಿನಾ ಸಾಲಿಗೆ ಬರ್ತೀಯಲ್ಲ?” ಎಂದು ಕೇಳಿದೆ.

ಅಕ್ಷತಾ ಜಡೆ ಹಿಂದಕ್ಕೆಸೆದು ತರಗತಿಯ ಬಾಗಿಲ ಕಡೆ ನಡೆದಳು. ಹೊಸ್ತಿಲ ಮೇಲೆ ನಿಂತು ತಿರುಗಿ ಹೇಳಿದಳು:

“ನಾ ಬರ್ತೀನ್ರಿ ಸರ. ನೀವು ಬರಬ್ಯಾಡ್ರಿ.”